ನಾನು ಬಿಡಿಸಿ ಕೊಟ್ಟ ಕಿತ್ತಳೆ

ನಮ್ಮ ಕಡೆ ಹಿರಿಯರನ್ನಾಗಲಿ, ಕಾಯಿಲೆಯವರನ್ನಾಗಲಿ ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಹೋದರೆ ಬಾಯಿಬಿಟ್ಟು ಯಾರೂ ಏನೂ ಅನ್ನರು, ಆದರೆ ಎಲ್ಲರ ಕಣ್ಣೂ ಒಮ್ಮೆ ಕೈಯತ್ತ ಹೋಗಿ ಬರುತ್ತದೆ. ಹರಿಹರದಿಂದ ಪ್ರತಿ ಭಾನುವಾರ ಅಪ್ಪನನ್ನು ನೋಡಲು ದಾವಣಗೆರೆಗೆ ಹೋಗುವ ನಾನು, ಬಸ್ ಇಳಿದ ಕೂಡಲೇ ತಳ್ಳುಗಾಡಿಯವನ ಹತ್ತಿರ ಒಂದು ಕೆ.ಜಿ. ಕಿತ್ತಳೆ ತೂಗಿಸುತ್ತಿದ್ದೆ. ಕಿತ್ತಳೆಯ ಕಾಲವಲ್ಲದಾಗ ಮೂಸಂಬಿ. ಅಪ್ಪ ಇರುವುದು ವಿನೋಬನಗರದಲ್ಲಿ, ಅಣ್ಣ ಅತ್ತಿಗೆಯ ಜೊತೆ. ಹಣ್ಣು ಕೊಟ್ಟು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಂಚದ ತುದಿಯಲ್ಲಿ ಕೂತು, ನಾನೇ ಸಿಪ್ಪೆ ಬಿಡಿಸಿ, ಒಂದೊಂದೇ ತೊಳೆಯನ್ನು ಅಪ್ಪನ ಅಂಗೈಯಲ್ಲಿ ಇಡುತ್ತಿದ್ದೆ. ಎರಡು ಹಣ್ಣು ಮುಗಿಯದೆ ಏಳುತ್ತಿರಲಿಲ್ಲ.

ಅಪ್ಪ ಕಾಯಿಲೆ ಬೀಳುವುದಕ್ಕೆ ಒಂದು ವರ್ಷ ಮೊದಲೇ ಅವನ ಹಲ್ಲೆಲ್ಲ ಹೋಗಿದ್ದವು. ಎಲೆ ಅಡಿಕೆ ಜಗಿದು ಜಗಿದು ಉಳಿದಿದ್ದ ಆರೇಳನ್ನೂ ಕೀಳಿಸಿ, ಹಲ್ಲಿನ ಸೆಟ್ ಮಾಡಿಸಿದವಳು ನಾನು. ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ ಎಂದು ಅಣ್ಣ ಗೊಣಗಿದ್ದ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ನಮ್ಮಪ್ಪನಿಗೆ ಬೇಡ ಎಂದು ನಾನು ಜಗಳ ಆಡಿದ್ದೆ. ಆಮೇಲೆ ಪ್ರತಿ ಭಾನುವಾರವೂ ಅಪ್ಪ ಸೆಟ್ ಹಾಕಿಕೊಂಡೇ ನನ್ನೆದುರು ಕೂರುತ್ತಿದ್ದ. ಹೇಗಿದೆ ಎಂದು ಕೇಳಿದರೆ ಚಲೋ ಐತೆ ಅನ್ನುತ್ತಿದ್ದ. ನಾನು ಅಣ್ಣನ ಕಡೆ ನೋಡಿ ಬೀಗುತ್ತಿದ್ದೆ.

ಸಂಕ್ರಾಂತಿ ಕಳೆದ ವಾರ ಅಪ್ಪನಿಗೆ ಹೊಟ್ಟೆನೋವು ಶುರುವಾಯಿತು. ತಿಂದದ್ದೆಲ್ಲ ವಾಂತಿಯಾಗುತ್ತಿದೆ, ಹೊಟ್ಟೆ ಉಬ್ಬಿದೆ ಎಂದು ಅಣ್ಣ ಫೋನ್ ಮಾಡಿದ. ಸಂಜೆ ಹೊತ್ತು ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತಿನ್ನಿಸಿದರೆ ಇನ್ನೇನಾಗುತ್ತದೆ ಎಂದು ನಾನು ಅವನನ್ನೇ ಬೈದೆ. ಹೊಕ್ಕುಳ ಹತ್ತಿರದ ಬಟ್ಟಿ ಅನ್ನುವ ನರ ಸರಿದಿರಬೇಕೆಂದು ಅತ್ತಿಗೆ ಓಣಿಯ ಒಬ್ಬ ಅಜ್ಜಿಯನ್ನು ಕರೆಸಿ, ಎಣ್ಣೆ ಹಚ್ಚಿ ತಿಕ್ಕಿಸಿದಳು. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ವಾಂತಿ ಹಸಿರಾಯಿತು, ಕೆಳಗಿನಿಂದ ಗಾಳಿ ಹೋಗುವುದೂ ನಿಂತಿತು. ಆಗ ಆಸ್ಪತ್ರೆಗೆ ಸೇರಿಸಿದರು. ನಾನು ರಜೆ ಹಾಕಿ ಓಡಿದೆ.

ಡಾಕ್ಟರು ಅಪ್ಪನ ಹೊಟ್ಟೆಯ ಮೇಲಿನ ಹಳೇ ಗಾಯದ ಗೆರೆ ನೋಡಿದರು. ನಾನು ಚಿಕ್ಕವಳಿದ್ದಾಗ ಹೊಟ್ಟೆಹುಣ್ಣಿಗೆ ಆಪರೇಷನ್ ಆಗಿತ್ತು. ಒಮ್ಮೆ ಕೊಯ್ದ ಹೊಟ್ಟೆಯಲ್ಲಿ ಕರುಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಟ್ಟುವುದುಂಟು, ಬಹಳ ಸಲ ಕಾರಣ ಅದೇ ಎಂದರು. ಮೂಗಿನಿಂದ ನಳಿಕೆ ಇಳಿಸಿ, ಬಾಯಿಗೆ ಏನೂ ಕೊಡದೆ ಒಂದು ದಿನ ಕಾದರು. ಸ್ಕ್ಯಾನ್ ಬಂದಾಗ ಬೇರೆಯೇ ಕಥೆ. ಸಣ್ಣ ಕರುಳಿನಲ್ಲಿ ಏನೋ ಬಿರಡೆಯ ಹಾಗೆ ಕೂತಿತ್ತು.

ಹಣ್ಣು ಏನಾದರೂ ಜಾಸ್ತಿ ತಿನ್ನುತ್ತಾರಾ ಎಂದು ಡಾಕ್ಟರು ಕೇಳಿದರು. ಕಿತ್ತಳೆ, ವಾರವಾರ ನಾನೇ ಬಿಡಿಸಿ ತಿನ್ನಿಸುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಜಗಿದು ತಿನ್ನುತ್ತಾರಾ ಅಂದರು. ಹಲ್ಲಿನ ಸೆಟ್ ಇದೆಯಲ್ಲ ಅಂದೆ.

ಹಿಂದೆ ನಿಂತಿದ್ದ ಅತ್ತಿಗೆ ಮೆಲ್ಲಗೆ ಬಾಯಿಬಿಟ್ಟಳು. "ಸೆಟ್ ನೀ ಬಂದಾಗ ಅಷ್ಟೇ ಹಾಕ್ಕಂತಾರೆ. ಒಸಡೆಲ್ಲ ಹುಣ್ಣಾಗೈತೆ, ಕಚ್ಚಾಕೆ ಆಗಲ್ಲ. ತೊಳೆ ಎಲ್ಲ ಹಂಗೇ ನುಂಗಿಬಿಡ್ತಾರೆ. ನಿಂಗೆ ಹೇಳಬ್ಯಾಡ ಅಂದಿದ್ರು."

ಹುಣ್ಣಿನ ಆಪರೇಷನ್ ಆದ ಜಠರಕ್ಕೆ ಅರೆಯುವ ಶಕ್ತಿ ಕಡಿಮೆಯಂತೆ. ಜಗಿಯದೆ ನುಂಗಿದ ತೊಳೆಯ ಪೊರೆ, ನಾರು ಕರಗದೆ ಒಂದಕ್ಕೊಂದು ಸುತ್ತಿಕೊಂಡು ಗಂಟಾಗಿ, ಕೆಳಗೆ ಜಾರಿ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದಂತೆ. ಅಪರೂಪ, ಆದರೆ ಆಗದ್ದೇನಲ್ಲ ಎಂದರು ಡಾಕ್ಟರು. ಇನ್ನು ಕಾಯುವಂತಿಲ್ಲ, ಈ ವಯಸ್ಸಿಗೆ ಭರವಸೆ ಕೊಡುವಂತೆಯೂ ಇಲ್ಲ ಎಂದು ಆಪರೇಷನ್ನಿಗೆ ಸಹಿ ಮಾಡಿಸಿಕೊಂಡರು.

ಅಪ್ಪನನ್ನು ಒಳಗೆ ಕರೆದೊಯ್ದ ಮೇಲೆ ನೆಂಟರು ಬರತೊಡಗಿದರು. ಚಿಕ್ಕಮ್ಮ ಬಂದಳು, ಕೈಯಲ್ಲಿ ಕಿತ್ತಳೆ. ಅಣ್ಣನ ಜೊತೆ ಕೆಲಸ ಮಾಡುವವರು ಬಂದರು, ಕಿತ್ತಳೆ. ಬೆಂಚಿನ ಕೆಳಗೆ ಕವರುಗಳು ಸಾಲಾಗಿ ಕೂತವು. ಸೋದರಮಾವ ನಾಲ್ಕನೆಯದನ್ನು ಹಿಡಿದು ಬಂದಾಗ ನನ್ನ ತಾಳ್ಮೆ ತಪ್ಪಿತು. ನಿಮಗೆಲ್ಲ ಬೇರೆ ಹಣ್ಣೇ ಸಿಗಲಿಲ್ಲವಾ ಎಂದು ಎಲ್ಲರೆದುರು ರೇಗಿದೆ. ಮಾವ ಕವರನ್ನು ಬೆನ್ನ ಹಿಂದೆ ಸರಿಸಿಕೊಂಡು, "ಬರಿಗೈಲಿ ಹೆಂಗೆ ಬರಾದವ್ವ?" ಅಂದ. ಆ ಪಾಪದವನ ಮೇಲೆ ಯಾಕೆ ಹರಿಹಾಯ್ದೆನೋ. ಬೈಯಬೇಕಾಗಿದ್ದು ನನ್ನನ್ನು.

ತೆಗೆದದ್ದನ್ನು ಡಾಕ್ಟರು ಸ್ಟೀಲಿನ ಬಟ್ಟಲಲ್ಲಿ ತಂದು ತೋರಿಸಿದರು. ನಿಂಬೆಹಣ್ಣಿನ ಗಾತ್ರ, ಮಾಸಿದ ಕಿತ್ತಳೆ ಬಣ್ಣ, ಬರೀ ನಾರು. ಹರಿಹರದ ಪಕ್ಕ, ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ದೋಷ ಹುಡುಕುವುದೇ ನನ್ನ ಕೆಲಸ. ಕೂದಲೆಳೆಯಷ್ಟು ಬಿರುಕಿದ್ದರೂ ಎತ್ತಿ ಪಕ್ಕಕ್ಕಿಡುತ್ತೇನೆ. ಅಂಥವಳು ವರ್ಷವಿಡೀ ಒಂದೇ ಮಂಚದ ಮೇಲೆ ಕೂತು ಅಪ್ಪನ ಬಾಯಿ ನೋಡಿರಲಿಲ್ಲ. ನನ್ನ ಕಣ್ಣು ಯಾವಾಗಲೂ ಬಿಡಿಸುತ್ತಿದ್ದ ಹಣ್ಣಿನ ಮೇಲೇ ಇತ್ತು. ಅಲ್ಲೇ ಗೋಡೆಗೆ ಒರಗಿ ಅತ್ತೆ.

ಅಪ್ಪ ಉಳಿದ. ಮನೆಗೆ ಬಂದ ಮೇಲಿನ ಮೊದಲ ಭಾನುವಾರ ನಾನು ಬರಿಗೈಯಲ್ಲಿ ಹೋದೆ. ಅಪ್ಪನ ಕಣ್ಣೂ ಒಮ್ಮೆ ನನ್ನ ಕೈಯತ್ತ ಹೋಗಿ ಬಂತು. ಸೆಟ್ ಹಾಕಿಕೊಂಡೇ ಕೂತಿದ್ದ. ತೆಗಿ ಎಂದೆ. ಗೋಡೆಯ ಕಡೆ ತಿರುಗಿ ತೆಗೆದು ಡಬ್ಬಿಗೆ ಹಾಕಿದ. ಈ ಕಡೆ ತಿರುಗಿದಾಗ ಕೆನ್ನೆ ಒಳಗೆ ಹೋಗಿ, ನಾನು ಕಂಡಿರದ ಮುಖವಾಗಿತ್ತು.

"ನೋವು ಅಂತ ಯಾಕ ಹೇಳಲಿಲ್ಲ ಅಪ್ಪ?"

"ನೀ ಜಗಳ ಆಡಿ ಮಾಡ್ಸಿದ್ದು," ಅಂದ. ಡಬ್ಬಿಯ ಮುಚ್ಚಳ ಒತ್ತುತ್ತಾ, "ನೀ ಬಿಡಿಸಿ ಕೈಯಾಗ ಇಟ್ಟಿದ್ದನ್ನ ಬ್ಯಾಡ ಅನ್ನಾಕ ಮನಸ್ಸು ಬರಲಿಲ್ಲವ್ವ."

ಅತ್ತಿಗೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಹಾಲು ಹಾಕಿ ತಂದಳು. ಅಪ್ಪ ಒಂದು ಕೈಯಿಂದ ಬಾಯಿ ಮರೆ ಮಾಡಿಕೊಂಡು ಒಸಡಲ್ಲೇ ಜಗಿಯತೊಡಗಿದ. ಆ ಕೈಯನ್ನು ಹಿಡಿದು ಕೆಳಗಿಳಿಸಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಒಂದು ಬಟ್ಟಲು ಅನ್ನ ಮುಗಿಯಲು ಅರ್ಧ ಗಂಟೆ ಹಿಡಿಯಿತು. ವರ್ಷವಿಡೀ ನಾನು ಎರಡು ಹಣ್ಣನ್ನು ಐದೇ ನಿಮಿಷದಲ್ಲಿ ತಿನ್ನಿಸಿ ನಾಲ್ಕರ ಬಸ್ಸು ಹಿಡಿಯುತ್ತಿದ್ದೆ.