ಸೊಸೆಯ ತವರೂರಿನ ಹೆಸರು ಕಲಿಯಲು ಹೋದದ್ದು

ಹಾವೇರಿ ನಿಲ್ದಾಣದಿಂದ ಬೆಳಿಗ್ಗೆ ಏಳೂಕಾಲಕ್ಕೆ ಬ್ಯಾಡಗಿ ಬಸ್ಸು ಹತ್ತಿದೆ. ಚಳಿ ಜೋರಿತ್ತು, ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದೆ. ಕೈಯಲ್ಲಿದ್ದ ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ. ನಾನು ಹೋಗಬೇಕಾಗಿದ್ದದ್ದು ರಾಣೆಬೆನ್ನೂರಿಗೆ. ನೇರ ಬಸ್ಸು ಹಿಡಿದರೆ ಮುಕ್ಕಾಲು ಗಂಟೆಯ ದಾರಿ. ಆದರೆ ಅಲ್ಲಿರುವ ನನ್ನ ಕಿರಿಯ ಸೊಸೆ ಸೆಲ್ವಿಯ ತವರೂರಿನ ಹೆಸರನ್ನು ಸರಿಯಾಗಿ ಹೇಗೆ ಅನ್ನಬೇಕೆಂದು ಬ್ಯಾಡಗಿಯಲ್ಲಿ ಒಬ್ಬರಿಂದ ಕಲಿತುಕೊಂಡು, ಆಮೇಲೆ ಅವಳ ಮುಂದೆ ನಿಲ್ಲಬೇಕೆಂದಿದ್ದೆ. ಸೆಲ್ವಿ ನಮ್ಮ ಮನೆಯ ಹೊಸ್ತಿಲು ತುಳಿದು ಒಂಬತ್ತು ವರ್ಷವಾಯಿತು. ಅವಳನ್ನು ಎಳ್ಳಮಾವಾಸ್ಯೆಗೆ ಮನೆಗೆ ಕರೆಯುವುದೇ ಈ ಪ್ರಯಾಣದ ಉದ್ದೇಶ.

"ಹೋಗಿ ಮತ್ತ ಪಾಠ ಹೇಳಬ್ಯಾಡ್ರಿ," ಎಂದು ಹೆಂಡತಿ ಬಾಗಿಲಲ್ಲೇ ಎಚ್ಚರಿಸಿದ್ದಳು.

ಬಸ್ಸಿನಲ್ಲಿ ಸೀಟು ಸಿಕ್ಕಲಿಲ್ಲ. ಮೋಟೆಬೆನ್ನೂರಿನವರೆಗೂ ಕಂಬಿ ಹಿಡಿದು ನಿಂತೆ. ಅಲ್ಲಿ ಒಬ್ಬ ಹೆಣ್ಣುಮಗಳು ಸರಿದು ಜಾಗ ಕೊಟ್ಟಳು. "ಕುಂದ್ರಿ ಅಜ್ಜಾರ. ನಾವು ಫ್ರೀ, ನೀವು ರೊಕ್ಕ ಕೊಟ್ಟೀರಿ," ಎಂದು ನಕ್ಕಳು. ನೀವು ಯಾವ ಊರವರವ್ವ ಎಂದು ಕೇಳಿದೆ. ಗುತ್ತಲದಾಕಿ ಎಂದಳು. ಕೊಟ್ಟ ಮನೆ ಬ್ಯಾಡಗಿ, ಮದುವೆಯಾಗಿ ಇಪ್ಪತ್ತು ವರ್ಷ, ಆದರೂ ಅವಳು ಗುತ್ತಲದಾಕಿ.

ನಮ್ಮ ಕಡೆ ಹಾಗೆಯೇ. ಸೊಸೆಯಾಗಿ ಬಂದವಳನ್ನು ಅವಳ ಹೆಸರು ಹಿಡಿದು ಕರೆಯುವುದು ಕಡಿಮೆ, ತವರೂರಿನ ಹೆಸರಿನಿಂದಲೇ ಕರೆಯುತ್ತೇವೆ. ನನ್ನ ಹೆಂಡತಿ ಐವತ್ತು ವರ್ಷದಿಂದ ಹೊಸರಿತ್ತಿಯಾಕಿ. ಹಿರಿಯ ಸೊಸೆ ಕಾಗಿನೆಲಿಯಾಕಿ. ಹೀಗೆ ಕರೆದಾಗ ಆ ಹೆಣ್ಣುಮಗಳ ಹಿಂದೆ ಒಂದು ಊರು, ಅಪ್ಪ ಅವ್ವ, ಒಂದು ಬಾವಿಕಟ್ಟೆ ನಿಂತಂತೆ ಇರುತ್ತದೆ.

ಸೆಲ್ವಿಗೆ ನಾನು ಅದನ್ನು ಇಲ್ಲದಂತೆ ಮಾಡಿದೆ. ನನ್ನ ಎರಡನೆಯ ಮಗ ಮಂಜುನಾಥ ಮಿಲಿಟರಿಯಲ್ಲಿ ಡ್ರೈವರನಾಗಿದ್ದ. ನಿಕೋಬಾರ್ ದ್ವೀಪಗಳ ಕಡೆ ಕೆಲಸದಲ್ಲಿದ್ದಾಗ, ಅಲ್ಲಿಯ ರಬ್ಬರ್ ತೋಟದ ತಮಿಳು ಕೂಲಿಯೊಬ್ಬನ ಮಗಳನ್ನು ಮದುವೆಯಾಗಿ ಕರೆತಂದ. ಮನೆ ತುಂಬ ನೆಂಟರು. ಹೆಂಗಸರು ವಾಡಿಕೆಯಂತೆ ತವರೂರು ಯಾವುದೆಂದು ಕೇಳಿದರು. ಅವಳು ಹೇಳಿದಳು. ಯಾರಿಗೂ ತಿಳಿಯಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಳೆಯ ಎಸ್ಸೆಸ್ಸೆಲ್ಸಿ, ತಾಲೂಕು ಕಚೇರಿಯ ಮುಂದೆ ಮೂವತ್ತೈದು ವರ್ಷ ಅರ್ಜಿ ಬರೆದವನು. ಜಿಲ್ಲೆಯ ಯಾವ ಹಳ್ಳಿಯ ಹೆಸರನ್ನೂ ತಪ್ಪಿಲ್ಲದೆ ಬರೆಯುತ್ತೇನೆಂಬ ಗರ್ವ ಇತ್ತು. ಮಗನ ಶಾಲೆಯ ಅಟ್ಲಾಸ್ ತರಿಸಿ, ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ, "ಕಾಟ್‌ಚಲ್ ಅಂತ ಐತಿ. ತನ್ನ ಊರಿನ ಹೆಸರ ತನಗ ಬರಂಗಿಲ್ಲ ನೋಡ್ರಿ," ಎಂದೆ. ಎಲ್ಲರೂ ನಕ್ಕರು. ಅವಳು ಮತ್ತೆ ತನ್ನ ರೀತಿಯಲ್ಲೇ ಅಂದಳು. ನಾನು ಬಿಡಲಿಲ್ಲ; ಮಗ್ಗಿ ಒಪ್ಪಿಸಿದಂತೆ ಅವಳ ಬಾಯಿಂದ ಅನ್ನಿಸಿದೆ. ಮೂರನೆಯ ಸಲ ಅವಳು ತಲೆ ತಗ್ಗಿಸಿ ನಾನು ಹೇಳಿದಂತೆಯೇ ಅಂದಳು. ಅಂದಿನಿಂದ ತನ್ನ ಊರಿನ ಹೆಸರು ಎತ್ತಲಿಲ್ಲ. ಮನೆಯವರು ಅವಳನ್ನು ಅಂಡಮಾನದಾಕಿ ಎಂದರು, ಕೆಲವರು ಕರಿನೀರಿನಾಕಿ ಎಂದು ಆಡಿಕೊಂಡರು. ಎರಡು ವರ್ಷ ನಮ್ಮಲ್ಲಿದ್ದು, ಮಗ ನಿವೃತ್ತನಾದ ಮೇಲೆ ಇಬ್ಬರೂ ರಾಣೆಬೆನ್ನೂರಿನಲ್ಲಿ ಮನೆ ಹಿಡಿದರು.

ಸುನಾಮಿಯಲ್ಲಿ ಅವಳ ತಾಯಿ ಹೋದದ್ದು ಆ ಊರಿನಲ್ಲಿಯೇ ಎಂದು ಮಗ ನನಗೆ ಹೇಳಿದ್ದು ಕಳೆದ ತಿಂಗಳು. ಅಂದೇ ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎನ್ನಲು ಬಾಯಿ ಬರುತ್ತದೆ. ಆದರೆ ನನ್ನ ಅಂದಿನ ಸ್ವಭಾವ ನನಗೆ ಗೊತ್ತು, ಮಾಡುತ್ತಿದ್ದೆನೇನೋ. ಇನ್ನೂ ನಾಚಿಕೆಯ ಮಾತೆಂದರೆ, ಅವಳು ಆ ಹೆಸರನ್ನು ಹೇಗೆ ಅಂದಿದ್ದಳೆಂಬುದು ನನಗೆ ನೆನಪೇ ಇಲ್ಲ. ನನ್ನ ದನಿಯೊಂದೇ ನೆನಪಿದೆ.

ಬ್ಯಾಡಗಿಯಲ್ಲಿ ಇಳಿಯುವಾಗಲೇ ಮೆಣಸಿನಕಾಯಿ ಘಾಟಿಗೆ ಎರಡು ಸೀನು ಬಂದವು. ಮಾರುಕಟ್ಟೆಯ ಹತ್ತಿರ ಮಾಜಿ ಸೈನಿಕ ಈರಪ್ಪನ ಚಹಾದಂಗಡಿ ಇದೆ. ಮಗನ ಜೊತೆ ಅದೇ ದ್ವೀಪಗಳಲ್ಲಿ ಇದ್ದವನು. ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿಯುತ್ತ ನನ್ನ ಪ್ರಶ್ನೆ ಕೇಳಿದೆ.

"ಕಛಾಲ್ ರಿ ಕಾಕಾರ. ಬೋರ್ಡಿನ ಮ್ಯಾಲ ಹಿಂದಿಯೊಳಗ ಹಂಗ ಇತ್ತು," ಎಂದ ಈರಪ್ಪ.

ಪಕ್ಕದಲ್ಲಿ ಕೂತಿದ್ದ ಹಮಾಲನೊಬ್ಬ ಫೋನಿಗೆ ಕೇಳಿದ. ಫೋನು ಕ್ಯಾಚಲ್ ಎಂದಿತು.

"ಕೇಳಿದಿಲ್ಲೊ, ಮಶೀನ್ ಸುಳ್ಳ ಹೇಳತೈತೇನು?" ಎಂದ ಹಮಾಲ.

"ಆ ಫೋನಿನ್ಯಾಕಿ ನಮ್ಮ ಬ್ಯಾಡಗಿಗೇ ಬಯಾಡ್ಗಿ ಅಂತಾಳ. ಆಕಿ ಮಾತ ಕಟಗೊಂಡು ಹೊಂಟ್ಯಾ? ನಾ ಅಲ್ಲಿ ಎರಡು ವರ್ಷ ನೀರ ಕುಡದೇನಿ."

"ನೀರ ಕುಡದಿ, ಮಾತ ಕಲತಿಲ್ಲ."

ಇಬ್ಬರೂ ದನಿ ಏರಿಸಿದರು. ಮೂರನೆಯವನು ಎದ್ದು, ನಡುವೆ ಟ ಇರಲೇಬೇಕು ಎಂದು ಹಠ ಹಿಡಿದ. ಒಂಬತ್ತು ವರ್ಷದ ಹಿಂದಿನ ನನ್ನನ್ನೇ ಕಂಡಂತಾಯಿತು. ಈರಪ್ಪ ಚಹಾದ ಲೋಟ ತೊಳೆಯುತ್ತ, "ಅಲ್ರಿ ಕಾಕಾರ, ಊರು ಆಕಿದು. ಆಕಿನ್ನ ಕೇಳೂದ ಬಿಟ್ಟು ಸಂತ್ಯಾಗ ಯಾಕ ಕೇಳಾಕತ್ತೀರಿ?" ಎಂದ. ಅವಳನ್ನು ಕೇಳುವ ಧೈರ್ಯ ಇಲ್ಲದ್ದಕ್ಕೇ ನಾನು ಬ್ಯಾಡಗಿ ಸುತ್ತಿ ಬಂದಿದ್ದೆ. ಚಹಾದ ರೊಕ್ಕ ಕೊಟ್ಟು ರಾಣೆಬೆನ್ನೂರಿನ ಬಸ್ಸು ಹಿಡಿದೆ.

ಹತ್ತೂವರೆ ಸುಮಾರಿಗೆ ರಾಣೆಬೆನ್ನೂರಿನಲ್ಲಿ ಇಳಿದೆ. ಬಿಸಿಲು ಹಿತವಾಗಿತ್ತು. ಮಗ ಗಾಡಿ ತೆಗೆದುಕೊಂಡು ದಾವಣಗೆರೆಗೆ ಹೋಗಿದ್ದ. ಸೆಲ್ವಿ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ಊರ ಹೊರಗೆ ಎರಡು ಕಿಲೋಮೀಟರು. ಆಟೋದವನು ಐವತ್ತು ರೂಪಾಯಿ ತೆಗೆದುಕೊಂಡ. ಬಿಳಿ ಬಲೆಯ ಮಂಟಪದೊಳಗೆ ಟೊಮೆಟೊ ಗಿಡಗಳ ಸಾಲು, ಅವುಗಳ ನಡುವೆ ಏಳೆಂಟು ಹೆಂಗಸರು. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಮುಟ್ಟಿಸಿ ಬೀಜ ಕಟ್ಟಿಸುವ ಕೆಲಸ. ಒಂದೊಂದೇ ಹೂವನ್ನು ಬೆರಳಲ್ಲಿ ಹಿಡಿದು ಮಾಡಬೇಕು.

ನನ್ನನ್ನು ಕಂಡು ಸೆಲ್ವಿ ಗಾಬರಿಯಾದಳು. "ಯಾಕ ಬಂದ್ರಿ ಮಾವಾರ? ಅತ್ತಿ ಆರಾಮ ಅದಾರಲ್ರಿ?"

"ಎಲ್ಲಾರೂ ಆರಾಮ. ನಿನ್ನ ನೋಡಾಕ ಬಂದೇನಿ."

"ಬಿಸಲೇರಿದ್ರ ಹೂ ಕೆಡ್ತಾವ್ರಿ. ಈ ಸಾಲ ಮುಗಸ್ತೇನಿ, ಕುಂದ್ರಿ."

ತಲೆಕೆಳಗಾದ ಬುಟ್ಟಿಯ ಮೇಲೆ ಕೂತೆ. ಹತ್ತಿರದಲ್ಲಿದ್ದ ಹಿರಿಯ ಹೆಂಗಸು, "ಇವರ ಏನವ್ವ ನಿಮ್ಮ ಮಾವ? ಇಷ್ಟ ವರ್ಷ ಒಮ್ಮಿನೂ ಕಂಡಿದ್ದಿಲ್ಲಲ್ಲ," ಎಂದಳು. ಸೆಲ್ವಿಯನ್ನು ಪಕ್ಕಕ್ಕೆ ಕರೆದು ಮಾತಾಡಬೇಕೆಂದುಕೊಂಡಿದ್ದೆ. ಆದರೆ ಅಂದು ಅವಮಾನ ಮಾಡಿದ್ದು ನಾಲ್ಕು ಜನರ ಮುಂದೆ. ತಪ್ಪೊಪ್ಪಿಗೆ ಮಾತ್ರ ಮರೆಯಲ್ಲಿ ಹೇಗೆ? ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಅರ್ಜಿ ಬರೆದವನೆಂಬ ಗರ್ವ, ಅಟ್ಲಾಸ್, ನಗು, ಮೂರು ಸಲ ಅನ್ನಿಸಿದ್ದು. ಹೆಂಗಸರ ಕೈಗಳು ನಿಧಾನವಾದವು. ಸೆಲ್ವಿಯ ಕೈ ನಿಲ್ಲಲಿಲ್ಲ.

"ತಪ್ಪಾತು ಯವ್ವಾ. ನಿಮ್ಮ ಊರಿಗೆ ಏನಂತಾರ, ಹೇಳು," ಎಂದೆ.

"ಅವತ್ತ ಹೇಳಿದ್ನೆಲ್ರಿ," ಎಂದಳು, ಹೂವಿನಿಂದ ಕಣ್ಣು ತೆಗೆಯದೆ. ಮುಂದಿನ ಹೂವು ಹಿಡಿದು ಮುಂದುವರಿಸಿದಳು: "ನಮ್ಮ ಮನಿ ಇದ್ದಲ್ಲಿ ಈಗ ಸಮುದ್ರ ಐತ್ರಿ. ಅವ್ವನ ಹೆಣಾನೂ ಸಿಗಲಿಲ್ಲ. ಹೆಸರೊಂದ ಉಳದಿತ್ತು. ಅದನ್ನ ನೀವು ತಿದ್ದಿದ್ರಿ."

ಅವಳು ಸಾಲಿನ ಕೊನೆಯವರೆಗೂ ಹೋದಳು, ಕೈ ತೊಳೆದಳು, ತಂಬಿಗೆಯಲ್ಲಿ ನೀರು ತಂದು ನನಗೆ ಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ನಿಂತಿದ್ದಳು.

"ಸಾಹೇಬ್ರು ಒಂದ್ ಥರಾ ಅಂತಾರ, ಮಿಲಿಟರಿಯವ್ರು ಒಂದ್ ಥರಾ. ಅಲ್ಲಿ ಮೂಲ ಜನಕ್ಕ ಅದರ ಹೆಸರ ಬ್ಯಾರೆ. ನಮ್ಮವ್ವ ಕಚ್ಚಾಲ್ ಅಂತಿದ್ಲು. ಅನ್ರಿ ನೋಡೂಣು."

ಅಂದೆ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಹಂಗ ಗುದ್ದಬ್ಯಾಡ್ರಿ. ಹಗೂರಕ ಅನ್ರಿ, ಕಡೀಕ ಸ್ವಲ್ಪ ಎಳೀರಿ."

ಮತ್ತೆ ಅಂದೆ. ಹಿರಿಯ ಹೆಂಗಸು, "ಅರ್ಜಿ ಬರದ ಬಾಯಿ ಅದು, ಅಷ್ಟ ಲಗೂ ತಿರುಗಂಗಿಲ್ಲ ಬಿಡ," ಎಂದಳು. ಸೆಲ್ವಿಗೂ ನಗು ಬಂತು. ನಾಲ್ಕನೆಯ ಸಲಕ್ಕೆ, "ಹತ್ರ ಬಂತ್ರಿ," ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿ, ಮಫ್ಲರಿನಿಂದ ಒರೆಸಿಕೊಂಡೆ.

ಎಲ್ಲರೂ ಬಲೆಯ ನೆರಳಲ್ಲಿ ಕೂತು ರೊಟ್ಟಿ ಹಂಚಿಕೊಂಡೆವು. ಏಳುವಾಗ, ಎಳ್ಳಮಾವಾಸ್ಯೆಗೆ ಮನೆಗೆ ಬಾ ಎಂದೆ. ಅವಳು ಕೂಡಲೇ ಹೂಂ ಅನ್ನಲಿಲ್ಲ.

"ನೀವ ಒಬ್ರು ಕಲತ್ರ ಆತೇನ್ರಿ? ಕರಿನೀರಿನಾಕಿ ಅಂದವ್ರೂ ಅಲ್ಲೇ ಅದಾರಲ್ಲ. ಅವರಿಗೂ ಕಲಸ್ರಿ. ಮನಿ ತುಂಬ ಹಂಗ ಅನ್ನುವಾಗ ಫೋನ್ ಮಾಡ್ರಿ, ಬರ್ತೇನಿ."

ಸಂಜೆ ನಾಲ್ಕರ ನೇರ ಬಸ್ಸಿಗೆ ಹೊರಟೆ. ಹಾವೇರಿ ತಲುಪಿದಾಗ ಹೆಂಡತಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಹೆಂಗದಾಳ?"

"ಕಚ್ಚಾಲದಾಕಿ ಆರಾಮ ಅದಾಳ."

ಅವಳು ನನ್ನ ಮುಖ ನೋಡಿದಳು. ಸುಲಿದ ಕಾಳನ್ನು ಬುಟ್ಟಿಗೆ ಹಾಕಿ, ಆ ಹೆಸರನ್ನು ತಾನೂ ಒಮ್ಮೆ ಅಂದು ನೋಡಿದಳು. ಸರಿಯಾಗಿ ಬರಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತು ಒಂದು ಕಾಯಿ ಕೈಗೆ ತೆಗೆದುಕೊಂಡೆ.

"ಹತ್ರ ಬಂತು," ಎಂದೆ. "ಹಗೂರಕ ಇನ್ನೊಮ್ಮೆ ಅನ್ನು."