ಧರಣೇಂದ್ರ ಸಾವಕಾರರ ಸುಂಟರಗಾಳಿ

ಗೋಕಾಕದ ಪೇಟೆಯಲ್ಲಿ ಧರಣೇಂದ್ರ ಸಾವಕಾರರ ಕಿರಾಣಿ ಅಂಗಡಿ ಇತ್ತು. ಡಬ್ಬಿಗಳು ಎತ್ತರದ ಪ್ರಕಾರ, ಚೀಲಗಳು ಕಾಳಿನ ಗಾತ್ರದ ಪ್ರಕಾರ, ಸಾಬೂನುಗಳು ಬಣ್ಣದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು. ಗಿರಾಕಿ ಯಾರಾದರೂ ಡಬ್ಬಿ ಮುಟ್ಟಿ ಓರೆಯಾಗಿಟ್ಟರೆ ಸಾವಕಾರರು ಅವನು ಹೋಗುವ ತನಕ ತಾಳಿಕೊಂಡು, ಆಮೇಲೆ ಎದ್ದು ಸರಿ ಮಾಡಿ ಕೂಡುತ್ತಿದ್ದರು. ಅವರ ಹೆಂಡತಿ ಇಂದುಬಾಯಿ ಓಣಿಯ ಹೆಂಗಸರಿಗೆ ಹೇಳುತ್ತಿದ್ದರು: "ನಮ್ಮ ಮನ್ಯಾಗ ಇರಿವಿನೂ ಸಾಲ ಬಿಟ್ಟ ಹೋಗೂದಿಲ್ರಿ. ಇವರ ಅಂಜಿಕಿ ಅವಕ್ಕ."

ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ ಹುಬ್ಬಳ್ಳಿ ಕಡೆಯ ಏಜೆಂಟನೊಬ್ಬ ಬಂದು 'ರಣಧೀರ' ಎಂಬ ಕಾರ್ಡುಗಳ ಎರಡು ಖೋಕಾ, ಅಂದರೆ ರಟ್ಟಿನ ಪೆಟ್ಟಿಗೆ, ಅಂಗಡಿಗೆ ಇಳಿಸಿ ಹೋದ. ಒಂದೊಂದು ಪಾಕೀಟಿನಲ್ಲಿ ಐದು ಕಾರ್ಡು, ಒಂದು ತುಂಡು ಜಗಿಯುವ ಚೂಯಿಂಗ್ ಗಮ್ಮು. ಕಾರ್ಡುಗಳ ಮೇಲೆ ಗರುಡಸೇನಾನಿ, ಮೂರು ತಲೆಯ ಹುಲಿ, ಬೆಂಕಿ ಆಮೆ ಎಂದೇನೇನೋ ಚಿತ್ರ, ಕೆಳಗೆ ಅವುಗಳ ಬಲದ ಅಂಕಿ. ಸಾಲೆಯ ಹುಡುಗರು ಗಣಪತಿ ಹಬ್ಬದ ತನಕ ಮುಗಿಬಿದ್ದು ಕೊಂಡರು. ಹಬ್ಬ ಮುಗಿದದ್ದೇ ತಡ, ಕ್ರಿಕೆಟ್ ಆಟಗಾರರ ಸ್ಟಿಕರಿನ ಹಿಂದೆ ಹೋದರು. ಏಜೆಂಟ ಮತ್ತೆ ಮುಖ ತೋರಿಸಲಿಲ್ಲ. ಒಂದೂವರೆ ಖೋಕಾ ಹಾಗೇ ಉಳಿಯಿತು.

ಮಾರಾಟವಾಗದ ಮಾಲು ಸಾವಕಾರರಿಗೆ ಹಲ್ಲಿನ ಸಂದಿಯ ನಾರಿನ ಹಾಗೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಪಾಕೀಟು ಒಡೆದರು. ಇನ್ನೊಂದು ಒಡೆದರು. ಎರಡರಲ್ಲೂ ಬೇರೆ ಬೇರೆ ಕಾರ್ಡುಗಳು. ಅವರಿಗೆ ಸಿಟ್ಟು ಬಂತು.

"ತೊಗರಿಬ್ಯಾಳಿ ಚೀಲದಾಗ ತೊಗರಿಬ್ಯಾಳಿನ ಇರತೈತಿ," ಎಂದು ಇಂದುಬಾಯಿಗೆ ಹೇಳಿದರು. "ಇದರಾಗ ಏನೈತಿ ಅಂತ ಮಾಡಿದವಗೂ ಗೊತ್ತಿಲ್ಲ. ಇದೆಂಥಾ ವ್ಯಾಪಾರ?"

ಒಡೆದವುಗಳಲ್ಲಿ ಸಿಕ್ಕ ಒಂದೇ ಒಂದು ಹೊಳೆಯುವ ಗರುಡಸೇನಾನಿ ಕಾರ್ಡು ಉಳಿದವಕ್ಕಿಂತ ದಪ್ಪ ಎಂಬುದು ಅವರಿಗೆ ಕೈಗೆ ತಿಳಿಯಿತು. ಹಾಗಾದರೆ ಅದು ಇರುವ ಪಾಕೀಟು ತೂಕ ಜಾಸ್ತಿ ಇರಲೇಬೇಕು. ಎದುರಿನ ಪತ್ತಾರರ ಚಿನ್ನ ತೂಗುವ ತಕ್ಕಡಿ ಇಸಿದುಕೊಂಡು ಬಂದು, ಫ್ಯಾನು ಬಂದ್ ಮಾಡಿ, ಉಸಿರು ಬಿಗಿಹಿಡಿದು ಒಂದೊಂದೇ ಪಾಕೀಟು ತೂಗಿದರು. ಎಲ್ಲಕ್ಕಿಂತ ಭಾರವಾದದ್ದನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು ಒಡೆದರು. ಒಳಗೆ ಐದೂ ಬೆಂಕಿ ಆಮೆ. ಗಮ್ಮು ಸೆಕೆಗೆ ಕರಗಿ ಐದನ್ನೂ ಒಂದಕ್ಕೊಂದು ಅಂಟಿಸಿತ್ತು.

ಆ ಸೋಲು ಅವರನ್ನು ಬಿಡಲಿಲ್ಲ. ಖೋಕಾದೊಳಗೆ ಆಟದ ನಿಯಮಗಳ ಹಾಳೆ ಇಂಗ್ಲಿಷಿನಲ್ಲಿತ್ತು. ವಕೀಲರೊಬ್ಬರ ಹತ್ತಿರ ಟೈಪಿಸ್ಟ್ ಆಗಿದ್ದ ಶ್ರೀಶೈಲ ಕೋರ್ಟಿನಿಂದ ಮನೆಗೆ ಹೋಗುವಾಗ ದಿನಾ ಅಂಗಡಿ ಕಟ್ಟೆಯ ಮೇಲೆ ಕೂತು ಹೋಗುವವನು. ಅವನು ಅದನ್ನು ಕಾಯ್ದೆಯ ಕಲಮುಗಳಂತೆ ಓದಿ ಕನ್ನಡಕ್ಕೆ ಇಳಿಸಿದ. ಓದುತ್ತ ಓದುತ್ತ ನಾಲ್ಕು ಜನ ಆಟಕ್ಕೆ ಕೂತುಬಿಟ್ಟರು. ಸಾವಕಾರರು, ಶ್ರೀಶೈಲ, ಬಾಜೂ ಬಳೆ ಅಂಗಡಿಯ ಕಾಶೆವ್ವ, ಮತ್ತು ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಹೊತ್ತು ಹೋಗದೆ ಪೇಟೆ ಸುತ್ತುತ್ತಿದ್ದ ಅಪ್ಪಣ್ಣ.

ಸಾವಕಾರರ ಜೈನ ಮನೆತನದಲ್ಲಿ ಇಸ್ಪೀಟು ಮುಟ್ಟುವಂತಿರಲಿಲ್ಲ. ಸಪ್ತವ್ಯಸನಗಳಲ್ಲಿ ಜೂಜಿನದೇ ಮೊದಲ ಹೆಸರು. ಅದಕ್ಕೆ ಅವರು ಮೊದಲೇ ಹೇಳಿಬಿಟ್ಟರು, ಇಲ್ಲಿ ದುಡ್ಡಿನ ಮಾತಿಲ್ಲ. ಇನ್ನೊಂದು ತೊಡಕೂ ಇತ್ತು. ನಿಯಮದ ಹಾಳೆಯಲ್ಲಿ, ಸೋತ ಪ್ರಾಣಿ 'ಸತ್ತಿತು' ಎಂದು ಬರೆದಿತ್ತು. ಅಹಿಂಸೆಯ ಮನೆಯ ಕಟ್ಟೆಯ ಮೇಲೆ ದಿನಕ್ಕೆ ಹತ್ತಾರು ಹುಲಿ ಸಾಯುವುದು ಅವರಿಗೆ ಸರಿಬರಲಿಲ್ಲ.

"ಸತ್ತಿತು ಅನಬ್ಯಾಡ್ರಿ. ವಿಶ್ರಾಂತಿಗೆ ಹೋತು ಅನ್ರಿ."

ಅಂದಿನಿಂದ ಆ ಕಟ್ಟೆಯ ಮೇಲೆ ಹುಲಿಗಳೂ ಆಮೆಗಳೂ ವಿಶ್ರಾಂತಿಗೆ ಹೋಗತೊಡಗಿದವು.

ಸಾವಕಾರರು ತಮ್ಮ ಕಾರ್ಡಿನ ಕಟ್ಟನ್ನು ಅಂಗಡಿಯ ಹಾಗೇ ಕಟ್ಟಿಕೊಂಡರು. ಯಾವ ಎಲೆಯ ಮೇಲೆ ಯಾವ ಎಲೆ ಹಾಕಿದರೆ ಬಲ ಎಷ್ಟಾಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಈ ಆಟದಲ್ಲಿ ಪ್ರಾಣಿಗಳಲ್ಲದ ಕೆಲವು ಎಲೆಗಳಿದ್ದವು. 'ಸುಂಟರಗಾಳಿ' ಹಾಕಿದರೆ ಎಲ್ಲರ ಕೈಯ ಎಲೆಗಳನ್ನೂ ಕೂಡಿಸಿ, ಕಲಸಿ, ಮತ್ತೆ ಹಂಚಬೇಕು. 'ಭೂಕಂಪ' ಹಾಕಿದರೆ ನೆಲದ ಮೇಲಿನ ಒಂದೊಂದು ಪ್ರಾಣಿಗೂ ನಾಣ್ಯ ಹಾರಿಸಬೇಕು. ಛಾಪಾ ಬಿದ್ದರೆ ಉಳಿಯಿತು, ಕಾಟಾ ಬಿದ್ದರೆ ವಿಶ್ರಾಂತಿ. ಸಾವಕಾರರು ಈ ಎಲೆಗಳನ್ನು ತಮ್ಮ ಕಟ್ಟಿನ ಹತ್ತಿರವೂ ಸುಳಿಯಗೊಡಲಿಲ್ಲ. ಕಾಶೆವ್ವನ ಕಟ್ಟಿನಲ್ಲಿ ಅವನ್ನು ಬಿಟ್ಟು ಬೇರೆ ಏನೂ ಇದ್ದಂತೆ ಕಾಣಲಿಲ್ಲ.

ಸಾವಕಾರರು ಅರ್ಧ ತಾಸು ತಲೆ ಕೆಡಿಸಿಕೊಂಡು ಗರುಡಸೇನಾನಿಯನ್ನು ಹೊರಗೆ ತರಲು ಎಲ್ಲ ಸಿದ್ಧ ಮಾಡಿಕೊಂಡಿರುತ್ತಿದ್ದರು. ಕಾಶೆವ್ವ ಸೆರಗು ಸರಿಮಾಡಿಕೊಂಡು, "ಗಾಳಿ ಬಿಟ್ಟೇನ್ರಿ ಸಾವಕಾರ್ರ," ಎಂದು ಎಲೆ ಇಡುವಳು. ಗರುಡಸೇನಾನಿ ಅಪ್ಪಣ್ಣನ ಕೈ ಸೇರುವನು. ಸಾವಕಾರರಿಗೆ ಆಮೆ ಬರುವುದು.

ಒಂದು ದಿನ ಅವರು ಎಲೆ ಕೆಳಗಿಟ್ಟರು.

"ಇದು ಆಟ ಅಲ್ಲ. ವಿಚಾರ ಮಾಡಿ ಆಡಿದವಗ ಲುಕ್ಸಾನ, ಸೋಲಾಕತ್ತವರಿಗೆ ಲಾಭ. ಇಂಥಾ ಎಲಿ ಬಂದ್ ಮಾಡಬೇಕು."

"ಸೋಲಾಕತ್ತಾಗ ನಾ ಮತ್ತೇನ ಮಾಡ್ಲಿ?" ಎಂದಳು ಕಾಶೆವ್ವ. "ಗೆಲ್ಲಾಕತ್ತಾಗ ಯಾರರ ಗಾಳಿ ಬಿಡತಾರ?"

ಶ್ರೀಶೈಲ ಕನ್ನಡಕ ಒರೆಸಿಕೊಂಡ. "ಇದರಾಗ ಎರಡು ನಮೂನಿ ಐತ್ರಿ. ಯಾವ ಎಲಿ ಬರತಾವೋ ಗೊತ್ತಿಲ್ಲ, ಬಂದ ಮ್ಯಾಲ ವಿಚಾರ ಮಾಡಿ ಆಡತೇವಿ. ಅದು ಒಂದು. ವಿಚಾರ ಮಾಡಿ ಆಡಿದ ಮ್ಯಾಲ ನಾಣ್ಯ ಹಾರಸಿ, ವಿಚಾರ ಮಾಡಿದ್ದೆಲ್ಲಾ ಮಣ್ಣಪಾಲು. ಅದು ಇನ್ನೊಂದು. ಮೊದಲನೇದಕ್ಕ ನನ್ನ ತಕರಾರಿಲ್ಲ. ಎರಡನೇದು ಅಪೀಲಿಗೆ ಅವಕಾಶನ ಕೊಡೂದಿಲ್ಲ."

"ಎಲ್ಲಾ ಒಂದ," ಎಂದ ಅಪ್ಪಣ್ಣ. "ಬಸ್ಸಿನ ವ್ಯಾಳೇ ಡಿಪೋದ ಗ್ವಾಡಿ ಮ್ಯಾಲ ಭಾಳ ಛಂದ ಬರದಿರತಾರ. ದಾರ್ಯಾಗ ಎಮ್ಮಿ ಇರತಾವ. ಎಮ್ಮಿ ಬಂದ್ ಮಾಡ್ರಿ ಅಂದ್ರ ಆದೀತೇನು?"

"ಹಂಗಲ್ಲ ಅಪ್ಪಣ್ಣಾರ," ಎಂದರು ಸಾವಕಾರರು. "ಈ ಜಗತ್ತಿನ್ಯಾಗ ಯಾವುದೂ ಸುಮ್ನ ಆಗೂದಿಲ್ಲ. ಎಲ್ಲಾದಕ್ಕೂ ಕರ್ಮದ ಲೆಕ್ಕ ಇರತೈತಿ."

"ಹಂಗಾದ್ರ ಕಾಶೆವ್ವನ ಗಾಳಿನೂ ನಿಮ್ಮ ಕರ್ಮಾನ ಆತಲ್ಲ. ಬಂದ್ ಮಾಡಿದ್ರ ಮುಂದಿನ ಜನ್ಮದಾಗ ಬಡ್ಡಿ ಕೂಡಿ ಬರತೈತಿ."

ಮಾತು ಏನೇ ಇರಲಿ, ಕಟ್ಟೆ ಸಾವಕಾರರದು, ಕಾರ್ಡು ಅವರವು. ಸುಂಟರಗಾಳಿ, ಭೂಕಂಪ ಎಲ್ಲವನ್ನೂ ಆರಿಸಿ ತೆಗೆದು ಬೆಲ್ಲದ ಡಬ್ಬಿಯ ಹಿಂದೆ ಇಟ್ಟುಬಿಟ್ಟರು.

ಮರುದಿನದಿಂದ ಅವರು ಗೆಲ್ಲತೊಡಗಿದರು. ಸೋಮವಾರ ಗೆದ್ದರು, ಮಂಗಳವಾರ ಗೆದ್ದರು, ಸಂತೆಯ ದಿನ ಗಿರಾಕಿಗೆ ಸಕ್ಕರೆ ತೂಗುತ್ತಲೇ ಗೆದ್ದರು. ಮೊದಮೊದಲು ಮನೆಗೆ ಹೋಗಿ ಯಾವ ಎಲೆಯ ಮೇಲೆ ಯಾವ ಎಲೆ ಹಾಕಿದೆ ಎಂದು ಇಂದುಬಾಯಿಗೆ ವಿವರಿಸುತ್ತಿದ್ದರು. ಆಮೇಲೆ "ಇವತ್ತೂ ಗೆದ್ದೆ" ಎಂದಷ್ಟೇ ಹೇಳಿದರು. ಆಮೇಲೆ ಅದನ್ನೂ ಬಿಟ್ಟರು. ಕಾಶೆವ್ವ ತನ್ನ ಅಂಗಡಿಯಲ್ಲೇ ಕೂತು ಬಳೆ ಒರೆಸತೊಡಗಿದಳು. ಕರೆದರೆ, "ನಾ ಸೋಲೂದು ಮೊದಲ ಗೊತ್ತಿದ್ದ ಮ್ಯಾಲ ಅಷ್ಟ ದೂರ ಯಾಕ ಬರಬೇಕ್ರಿ? ಇಲ್ಲೇ ಕುಂತ ಸೋಲತೇನಿ," ಎಂದಳು. ಅಷ್ಟು ದೂರ ಎಂದರೆ ಎರಡು ಅಂಗಡಿಗಳ ನಡುವಿನ ಗಟಾರ. ಶ್ರೀಶೈಲನಿಗೆ ಕೋರ್ಟಿನಲ್ಲಿ ಕೆಲಸ ಹೆಚ್ಚಾಯಿತು. ಅಪ್ಪಣ್ಣ ಕೂತರೂ ಎಲೆ ಹಿಡಿಯದೆ ಪೇಪರು ಓದಿದ. ಸಾವಕಾರರು ಒಬ್ಬರೇ ಎರಡೂ ಕಡೆ ಆಡಿ ನೋಡಿದರು. ಅಲ್ಲಿಯೂ ಗೆದ್ದರು. ಏನೂ ಅನ್ನಿಸಲಿಲ್ಲ.

ಅವರ ಮೋರೆ ನೋಡಿ ಅಪ್ಪಣ್ಣನಿಗೇ ಕನಿಕರ ಬಂತು. ಕಂಡಕ್ಟರಕಿ ಮಾಡಿದವನಿಗೆ ಯಾವ ಊರಲ್ಲಿ ಯಾರು ಇದ್ದಾರೆ ಎಂಬುದು ಗೊತ್ತು. ಅದೇ ಏಜೆಂಟ ಹುಕ್ಕೇರಿಯ ಪುಸ್ತಕದ ಅಂಗಡಿಯ ಮಾಲಿಂಗಪ್ಪನ ಕೊರಳಿಗೂ ಮೂರು ಖೋಕಾ ಕಟ್ಟಿ ಹೋಗಿದ್ದನಂತೆ. ಅಲ್ಲಿಯೂ ದೊಡ್ಡವರೇ ಆಡುತ್ತಾರಂತೆ. ಅಪ್ಪಣ್ಣ ಮಾತಾಡಿ ಒಂದು ಭಾನುವಾರ ಗೊತ್ತುಮಾಡಿದ.

ಎಲ್ಲರೂ ಹೊರಟರು. ಇಂದುಬಾಯಿ ಗಂಡನಿಗೆ ಏನಾಗಿದೆ ಎಂದು ನೋಡಲು ಹೊರಟರು. ಕಾಶೆವ್ವ, "ಸಾವಕಾರ್ರ ಸೋತ್ರ ನೋಡಾಕ ಒಬ್ಬರರ ಬೇಕಲ್ಲ," ಎಂದು ಹೊರಟಳು. ಘಟಪ್ರಭಾ ಊರಿನ ಮೇಲೆ ಹಾಯ್ದು ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ಸಾವಕಾರರು ತಮ್ಮ ಕಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ದವಾಖಾನೆಗೆ ಒಯ್ಯುವವರ ಹಾಗೆ ಕೂತಿದ್ದರು.

ಮಾಲಿಂಗಪ್ಪ ಅಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿದ್ದ. ದೊಡ್ಡ ಹೊಟ್ಟೆಯ, ನಗುಮುಖದ ಮನುಷ್ಯ. ಅವನ ಕಟ್ಟು ನೋಡಿ ಸಾವಕಾರರು ತಮ್ಮ ಕರ್ಚೀಫಿನ ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಕೆಲವು ಎಲೆಗಳಿಗೆ ಎಣ್ಣೆ, ಕೆಲವಕ್ಕೆ ಮೂಲೆಯೇ ಇಲ್ಲ, ಒಂದು ಹುಲಿಯ ಹರಿದ ತಲೆಗೆ ಬಸ್ ಟಿಕೇಟು ಅಂಟಿಸಿತ್ತು.

"ನಮ್ಮೂರಾಗ ಗಾಳಿ, ಭೂಕಂಪ ಆಡೂದಿಲ್ಲ," ಎಂದರು ಸಾವಕಾರರು.

"ನಮ್ಮೂರಾಗ ಅವನ್ನ ಆಡತೇವ್ರಿ," ಎಂದ ಮಾಲಿಂಗಪ್ಪ.

ಸಾವಕಾರರು ಶ್ರೀಶೈಲನ ಕಡೆ ನೋಡಿದರು. "ಯಾವ ಊರಾಗ ಆಟನೋ ಆ ಊರಿನ ಕಾಯ್ದೆ," ಎಂದು ಅವನು ಕೈಚೆಲ್ಲಿದ.

ಆಟ ಶುರುವಾಗಿ ಸಾವಕಾರರು ಮುಂದೆ ಹೋದರು. ಹುಲಿ ಬಂತು, ಹಿಂದೆಯೇ ಗರುಡಸೇನಾನಿ ಬಂದ. ಆಗ ಮಾಲಿಂಗಪ್ಪ ಗೋಕಾಕದವರು ಯಾರೂ ಕಂಡಿರದ ಒಂದು ಎಲೆ ಇಟ್ಟ. ಅದರ ಹೆಸರು 'ಅದಲುಬದಲು'. ಶ್ರೀಶೈಲ ಅದರ ಮೇಲಿದ್ದ ಸಣ್ಣ ಅಕ್ಷರ ಓದಿ ಗಂಟಲು ಸರಿಮಾಡಿಕೊಂಡ.

"ಇಬ್ರೂ ತಮ್ಮ ತಮ್ಮ ಜಾಗಾದಾಗ ಕುಂದರಬೇಕು. ಕಟ್ಟು, ಕೈಯಾನ ಎಲಿ, ನೆಲದ ಮ್ಯಾಲಿನೂವು, ಎಲ್ಲಾ ಬದಲಿ ಮಾಡ್ಕೋಬೇಕ್ರಿ. ಅವರದು ನಿಮಗ, ನಿಮ್ಮದು ಅವರಿಗೆ."

ಸಾವಕಾರರು ತಮ್ಮ ಕಟ್ಟನ್ನು ಹೆಣ್ಣೊಪ್ಪಿಸಿ ಕೊಡುವವರಂತೆ ಎರಡೂ ಕೈಯಿಂದ ಕೊಟ್ಟರು. ಮಾಲಿಂಗಪ್ಪ ಧೋತರಕ್ಕೆ ಕೈ ಒರೆಸಿಕೊಂಡು ಇಸಿದುಕೊಂಡ. "ಭಾಳ ಛಂದ ಇಟ್ಟೀರ್ರಿ. ಆಡಾಕ ಮನಸ ಬರವಲ್ದು," ಎಂದ. ಸಾವಕಾರರ ಕೈಗೆ ಎಣ್ಣೆಯ ಎಲೆಗಳು ಬಂದವು. ಬಿಡಿಸಿ ನೋಡಿದರೆ ಸುಂಟರಗಾಳಿ, ಭೂಕಂಪ, ಮತ್ತೊಂದು ಸುಂಟರಗಾಳಿ. ಹುಲಿ ಒಂದೇ ಒಂದು, ಅದೂ ಟಿಕೇಟಿನ ತಲೆಯದು.

ಎದುರಿಗೆ ತಾವೇ ಕಟ್ಟಿದ ಸೈನ್ಯ. ಅದನ್ನು ವಿಚಾರದಿಂದ ಮುರಿಯಲು ಸಾಧ್ಯವಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಣ್ಣು ಮುಚ್ಚಿಕೊಂಡು ಭೂಕಂಪ ಇಟ್ಟು ನಾಣ್ಯ ಹಾರಿಸಿದರು. ಕಾಟಾ. ಹುಲಿ ವಿಶ್ರಾಂತಿಗೆ ಹೋಯಿತು. ಮತ್ತೆ ಕಾಟಾ. ಗರುಡಸೇನಾನಿ, ಅಷ್ಟು ಆಸೆಯಿಂದ ಹುಡುಕಿ ಕಟ್ಟಿಗೆ ಸೇರಿಸಿಕೊಂಡವನು, ಹುಲಿಯ ಬಾಜೂ ಹೋಗಿ ಮಲಗಿದ.

ಸಾವಕಾರರಿಗೆ ನಗು ಬಂತು. ಅದು ಚಳಿಗಾಲದ ಬೆಳಿಗ್ಗೆ ಬಸ್ಸು ಚಾಲೂ ಆಗುವಂತೆ ಎರಡು ಸಲ ತಡವರಿಸಿ, ಆಮೇಲೆ ಒಮ್ಮೆಲೇ ಹೊರಗೆ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಮಾಲಿಂಗಪ್ಪನ ಮನೆಯವರೊಡನೆ ಮಾತಾಡುತ್ತಿದ್ದ ಇಂದುಬಾಯಿ, ಯಾರಿಗೋ ಏನೋ ಆಯಿತೆಂದು ಹೊರಗೆ ಓಡಿ ಬಂದರು.

ಅಲ್ಲಿಂದ ಆಟಕ್ಕೆ ತಲೆಬುಡ ಉಳಿಯಲಿಲ್ಲ. ಸಾವಕಾರರು ಗಾಳಿ ಬಿಟ್ಟರು. ಮಾಲಿಂಗಪ್ಪನಿಗೆ ಅದರಿಂದಲೇ ಇನ್ನೊಂದು ಗಾಳಿ ಸಿಕ್ಕು ಅವನೂ ಬಿಟ್ಟ. ಯಾರು ಮುಂದೆ, ಯಾರು ಹಿಂದೆ ಎಂದು ಶ್ರೀಶೈಲನೂ ಹೇಳಲಾರದಾದ. ಸೂರ್ಯ ಮುಳುಗುವ ಮುಂಚೆ ಉಣ್ಣುವುದು ಜೈನರ ನೇಮ. ಇಂದುಬಾಯಿ ಬುತ್ತಿ ಬಿಚ್ಚಿಟ್ಟು ಕರೆದರು.

"ರೀ, ಹೊತ್ತ ಮುಳಗತೈತಿ. ಉಣ್ಣ ಬರ್ರಿ."

"ಒಂದ ನಾಣ್ಯ, ಇಂದೂ."

ಎರಡನೇ ಸಲ ಕರೆದಾಗಲೂ ಅದೇ ಉತ್ತರ ಬಂತು. ಇಂದುಬಾಯಿ ತಾವು ಉಂಡು ಕೈತೊಳೆದುಕೊಂಡರು.

ಅಷ್ಟರಲ್ಲಿ ಸಾವಕಾರರ ಹಿಂದಿನಿಂದ ಒಂದು ಆಡು ಬಂದು, ಅವರು ಕೈಯಲ್ಲಿ ಬೀಸಣಿಕೆಯಂತೆ ಹಿಡಿದಿದ್ದ ಎಲೆಗಳಲ್ಲಿ ಒಂದನ್ನು ಎಳೆದುಕೊಂಡು ಅಗಿಯತೊಡಗಿತು. ಕಾಶೆವ್ವ ಅದರ ಬಾಯಿಯಿಂದ ಅರ್ಧ ಎಲೆ ಕಿತ್ತಳು. ಸುಂಟರಗಾಳಿ.

"ಈ ಆಟ ರದ್ದ ಮಾಡಬೇಕಾಗತೈತಿ," ಎಂದ ಶ್ರೀಶೈಲ. "ಆಡಿನ ಬಗ್ಗೆ ಕಲಮ್ ಇಲ್ಲ."

ಆಗ ಸಾವಕಾರರ ಕೈಯಲ್ಲಿ ಟಿಕೇಟಿನ ತಲೆಯ ಹುಲಿ ಇತ್ತು, ಅದನ್ನು ನೆಲದ ಮೇಲಿಟ್ಟರೆ ಅವರೇ ಗೆದ್ದಂತೆ. ಎಲ್ಲರೂ ಅವರ ಮೋರೆ ನೋಡಿದರು.

"ರದ್ದ ಯಾಕ?" ಎಂದರು ಸಾವಕಾರರು. "ಯಾರ ಕೈಯಿಂದರ ಬೀಳ್ಲಿ, ಎಲಿ ಬಿದ್ದೈತಿ. ಎಲ್ಲಾ ಕೂಡಸ್ರಿ. ಕಲಸ್ರಿ."

ಕಲಸಿ ಹಂಚಿದರು. ಹುಲಿ ಮಾಲಿಂಗಪ್ಪನ ಪಾಲಿಗೆ ಹೋಯಿತು. ಸಾವಕಾರರು ಸೋತರು. ತಲೆಯೆತ್ತಿ ನೋಡಿದರೆ ಬೇವಿನ ಮರದ ಆಚೆ ಕೆಂಪೂ ಉಳಿದಿರಲಿಲ್ಲ.

"ಹಸದೀರೇನು?" ಎಂದರು ಇಂದುಬಾಯಿ.

"ಭಾಳ," ಎಂದರು ಸಾವಕಾರರು. ಬೆಳಗಿನ ತನಕ ಏನೂ ತಿನ್ನುವಂತಿರಲಿಲ್ಲ. ಆದರೆ ದನಿಯಲ್ಲಿ ತಕರಾರಿರಲಿಲ್ಲ. ಇಂದುಬಾಯಿ ಬುತ್ತಿ ಕಟ್ಟಿದರು, ತಿರುಗಿ ನಿಂತು ಸೆರಗಿನಲ್ಲಿ ನಕ್ಕರು.

ಹೊರಡುವಾಗ ಕಟ್ಟುಗಳನ್ನು ಹಿಂದಿರುಗಿಸುವ ಮಾತು ಬಂತು. ಇಬ್ಬರೂ ಸ್ವಲ್ಪ ಹೊತ್ತು ಸಂಕೋಚಪಟ್ಟರು. ಕೊನೆಗೆ ಸಾವಕಾರರೇ, "ಇರಲಿ ಬಿಡ್ರಿ. ನಿಮ್ಮದು ನನಗ ಇರಲಿ," ಎಂದರು. ಮಾಲಿಂಗಪ್ಪ ಅಷ್ಟು ಚೆಂದದ ಕಟ್ಟು ತನ್ನದಾಯಿತೆಂದು ಬಸ್ ನಿಲ್ದಾಣದ ತನಕ ಕಳಿಸಲು ಬಂದ.

ಮರುದಿನ ಗೋಕಾಕದಲ್ಲಿ ಸಾವಕಾರರು ಬೆಲ್ಲದ ಡಬ್ಬಿಯ ಹಿಂದಿನ ಎಲೆಗಳನ್ನು ತೆಗೆದುಕೊಂಡು, ಗಟಾರ ದಾಟಿ ಕಾಶೆವ್ವನ ಅಂಗಡಿಗೆ ತಾವೇ ಹೋದರು. ಅಂದು ಸಂಜೆ ಮೂರು ಆಟ ಸೋತರು. ದೀಪಾವಳಿಯ ಹೊತ್ತಿಗೆ ಕಟ್ಟೆಯ ಮೇಲೆ ಕೂಡಲು ಜಾಗ ಸಾಲದೆ ಅಪ್ಪಣ್ಣ ಸಕ್ಕರೆ ಚೀಲದ ಮೇಲೆ ಕೂತು ಆಡುತ್ತಿದ್ದ. ಆಗಲೇ ಒಂದು ಮಧ್ಯಾಹ್ನ ಮಾಲಿಂಗಪ್ಪ ಹುಕ್ಕೇರಿ ಬಸ್ಸಿನಿಂದ ಇಳಿದು ಬಂದ. ನಗುಮುಖ ಬಾಡಿತ್ತು. ಜೋಬಿನಿಂದ ಕಟ್ಟು ತೆಗೆದು ಸಾವಕಾರರ ಮುಂದಿಟ್ಟ.

"ನಿಮ್ಮದು ನೀವು ತಗೊಳ್ರಿ. ನಮ್ಮೂರ ಗಾಳಿ ಎಲ್ಲಾ ನಿಮ್ಮ ಕಡೆ ಬಂದಾವ, ನಾ ಬರೇ ಗೆಲ್ಲಾಕತ್ತೇನಿ. ನಮ್ಮೂರಾಗ ನನ್ನ ಜೋಡಿ ಯಾರೂ ಆಡವಲ್ರು."

ಸಾವಕಾರರು ಕೈ ಚಾಚಲಿಲ್ಲ. ಕಾಶೆವ್ವನೇ ಅದನ್ನು ಎತ್ತಿಕೊಂಡು, ಎಣ್ಣೆಯ ಕಟ್ಟಿನ ಜೊತೆ ಸೇರಿಸಿ, ಬಳೆ ಸದ್ದು ಮಾಡುತ್ತ ಕಲಸತೊಡಗಿದಳು.

"ಕುಂದರ್ರಿ," ಎಂದಳು ಮಾಲಿಂಗಪ್ಪನಿಗೆ. "ಸಾವಕಾರ್ರು ಚಾ ಹೇಳ್ಯಾರ."