ಕೈಲಾಸದ ಪರದೆಯ ಮುಂದೆ ಆಗದ ಮದುವೆ

ಅರವತ್ತರ ದಶಕದ ಶುರುವಿನಲ್ಲಿ ನಮ್ಮ ನಾಟಕ ಕಂಪನಿ ಸವಣೂರಿನ ಹತ್ತಿರದ ಒಂದು ಊರಿನಲ್ಲಿ ಕ್ಯಾಂಪು ಮಾಡಿತ್ತು. ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವ ಮುಗಿಸಿ ಬಂದಿದ್ದೆವು. ಊರೂರಿಗೂ ರಂಗದ ಮೇಲೆ ಮದುಮಗಳಾಗಿ ಆಗಿ ನನಗೆ ಸಾಕುಸಾಕಾಗಿತ್ತು. ನಾಟಕದ ಅಕ್ಷತೆ ಬಿಟ್ಟರೆ ನನ್ನ ತಲೆಯ ಮೇಲೆ ಬೇರೆ ಅಕ್ಷತೆ ಬಿದ್ದಿರಲೂ ಇಲ್ಲ.

ಅಲ್ಲಿ ಥೇಟರು ಅಂದರೆ ಹಳೆಯ ಚರ್ಚು. ಪಾದ್ರಿಗಳು ಬಿಟ್ಟುಹೋದ ಮೇಲೆ ಬೀಗ ಬಿದ್ದಿದ್ದ ಅದನ್ನು ಊರವರು ನಾಟಕ, ಭಜನೆ, ಭಾಷಣಗಳಿಗೆ ಬಳಸುತ್ತಿದ್ದರು. ಪೀಠವಿದ್ದ ಎತ್ತರದ ಕಟ್ಟೆಯೇ ನಮ್ಮ ರಂಗ. ಪರದೆಯ ಹಿಂದೆ ನಾವು ಹೆಂಗಸರು ಬಣ್ಣ ಹಚ್ಚಿಕೊಳ್ಳುತ್ತಿದ್ದೆವು, ಸೀರೆ ಒಣಹಾಕುತ್ತಿದ್ದೆವು.

ಒಂದು ದಿನ ಹಿರಿಯರೊಬ್ಬರು ನಮ್ಮ ಮಾಲಕರನ್ನು ಕಾಣಲು ಬಂದರು. ಊರಿನಲ್ಲಿ ಉಳಿದಿದ್ದ ಒಂದೆರಡು ಕ್ರೈಸ್ತ ಮನೆಗಳಲ್ಲಿ ಅವರದೊಂದು.

"ನನ್ನ ಮದುವಿ ಇಲ್ಲೇ ಆಗಿತ್ರಿ. ಮಗಳದೂ ಇಲ್ಲೇ ಆಗ್ಲಿ ಅಂತ ಆಕಿ ಅವ್ವ ಸಾಯೂಮುಂದ ಹೇಳಿ ಹೋಗ್ಯಾಳ. ನಾಳೆ ಮುಂಜಾನೆ ಒಂದೀಟು ಬಿಟ್ಟುಕೊಡ್ರಿ."

"ಆಗ್ಲೇಳ್ರಿ. ಆದ್ರ ಪರದೆ ಬಿಚ್ಚಾಕ ಆಗೂದಿಲ್ಲ, ಮತ್ತ ಕಟ್ಟಾಕ ದಿನ ಹಿಡೀತೈತಿ" ಎಂದರು ಮಾಲಕರು.

ದೇವರ ಮುಂದಿನ ಮದುವೆಗೆ ಜೈಲು, ಅಡವಿಯ ಚಿತ್ರದ ಪರದೆ ಸಲ್ಲದು ಎಂದು ಮಾಲಕರು ರಾತ್ರಿಯೆಲ್ಲ ಯೋಚಿಸಿದ್ದರು. ಬೆಳಗ್ಗೆ ನಮ್ಮಲ್ಲಿದ್ದ ಅತಿ ಪವಿತ್ರವಾದದ್ದನ್ನೇ ಇಳಿಸಿದರು: ಶಿವ, ಪಾರ್ವತಿ, ನಂದಿಯಿದ್ದ ಕೈಲಾಸದ ಪರದೆ. ಊದಿನಕಡ್ಡಿಯನ್ನೂ ಹಚ್ಚಿದರು.

ಯಲವಿಗಿಯಲ್ಲಿ ರೈಲು ಇಳಿದು ಚಕ್ಕಡಿಯಲ್ಲಿ ಬಂದ ಪಾದ್ರಿ ಬಾಗಿಲಲ್ಲೇ ನಿಂತುಬಿಟ್ಟರು. "ಇದರ ಮುಂದ ನಾ ಹೆಂಗ ಮದುವಿ ಮಾಡ್ಸಲಿ?"

"ಯಾಕ್ರಿ, ದೇವರ ಅದಾನಲ್ರಿ" ಎಂದರು ಮಾಲಕರು. ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ.

ನನಗೆ ರೇಗಿತು. ಹಿಂದೆ ಏನಿದೆಯೆಂಬುದನ್ನು ಮರೆತು, ಪರದೆ ಎತ್ತಿಸಿ ಎಂದು ಮಾಲಕರಿಗೆ ಹೇಳಿದೆ. ಎತ್ತಿದರು. ಹಿಂದೆ ಹಗ್ಗದ ಮೇಲೆ ನಮ್ಮ ಒದ್ದೆ ಸೀರೆ, ಲಂಗ; ಗೋಡೆಯಲ್ಲಿ ಶಿಲುಬೆಯಿದ್ದ ಗುರುತಿನ ಮೇಲೆ ನನ್ನ ಕನ್ನಡಿ. ನಾಚಿಕೆಯಾಯಿತು. ಬಟ್ಟೆ ಎಳೆಯಲು ಓಡಿದೆ.

ಹಿರಿಯರು ಆ ಗೋಡೆಯನ್ನು ನೋಡಿದರು. "ಇರ್ಲಿ ಬಿಡವ್ವಾ. ಪರದೆ ಇಳಸ್ರಿ. ನಾವು ಹೊರಗ ಮಾಡ್ಕೋತೇವಿ."

ಮದುವೆ ಬೇವಿನ ಮರದ ಕೆಳಗೆ ಆಯಿತು. ಮನಸ್ಸು ತಡೆಯದೆ ಮಾಲಕರು ಮದುವೆಯವರನ್ನೆಲ್ಲ ಸಂಜೆಯ ನಾಟಕಕ್ಕೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು.

ನಾಟಕದ ಮದುವೆಯ ಪ್ರವೇಶದಲ್ಲಿ ನಾನು ಬಾಸಿಂಗ ಕಟ್ಟಿಕೊಂಡು ರಂಗಕ್ಕೆ ಬಂದೆ. ಆ ಹಿರಿಯರು ಎದ್ದು ನಿಂತರು. ಮದುಮಗಳು ಚರ್ಚಿನೊಳಗೆ ಕಾಲಿಟ್ಟಾಗ ಕೂತವರೆಲ್ಲ ಎದ್ದು ನಿಲ್ಲುವುದು ಅವರ ಪದ್ಧತಿ. ಬೆಳಗ್ಗೆ ಮರದ ಕೆಳಗೆ ಎಲ್ಲರೂ ನಿಂತೇ ಇದ್ದರು. ಅವರ ಮಗಳಿಗಾಗಿ ಯಾರೂ ಏಳುವ ಹಾಗಿರಲಿಲ್ಲ.

"ಕುಂದರ್ರಿ ಯಜಮಾನ್ರ, ಕಾಣವಲ್ದು" ಎಂದು ಹಿಂದಿನವರು ಗದ್ದಲ ಮಾಡಿದರು. ಅವರು ಕೂರಲಿಲ್ಲ. ರಂಗದ ಮೇಲೆ ಮದುಮಗನವರೆಗಿನ ಆ ದಾರಿಯನ್ನು ನಾನು ಎಂದಿಗಿಂತ ನಿಧಾನವಾಗಿ ನಡೆದೆ.